ಆಜಾದ್ ಮೈದಾನದಲ್ಲಿ ಉದ್ದ ಲೆನ್ಸು
ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಫೀಲ್ಡರ್ ಬೆನ್ನಿಗೇ ಇನ್ನೊಂದು ಪಂದ್ಯದ ಅಂಪೈರ್ ನಿಂತಿರುತ್ತಾರೆ. ಬರಿಗಣ್ಣಿಗೆ ಇದು ಮುಂಬೈಯ ಮಾಮೂಲಿ ಇಕ್ಕಟ್ಟು. 400 ಮಿಲಿಮೀಟರ್ ಲೆನ್ಸಿಗೆ ತಲೆನೋವು. ದೂರದ್ದನ್ನೆಲ್ಲ ಹತ್ತಿರಕ್ಕೆಳೆದು ಒತ್ತುವುದು ಅದರ ಗುಣ, ಬ್ಯಾಟರ್ ಹೆಗಲ ಮೇಲೆ ಪಕ್ಕದ ಪಂದ್ಯದವನ ತಲೆ ಮೊಳೆತುಬಿಡುತ್ತದೆ. ಅದಕ್ಕೇ ಇಲ್ಲಿ ಹಿನ್ನೆಲೆ ಮೊದಲು, ಆಟಗಾರ ಆಮೇಲೆ. ನಾಲ್ಕು ಹೆಜ್ಜೆ ಸರಿದು, ಅಪರ್ಚರ್ ಪೂರ್ತಿ ತೆರೆದು, ಹುಲ್ಲಿನ ಮೇಲೆ ಕೂತುಬಿಡಿ. ಕ್ಯಾಮೆರಾ ತಗ್ಗಿದಷ್ಟೂ ಹಿಂದಿನವರ ತಲೆ ಕೆಳಗಿಳಿಯುತ್ತದೆ. ಈ ಮೈದಾನದಲ್ಲೂ ನಡೆಯುವ, 1948ರಲ್ಲಿ ಶುರುವಾದ ಕಾಂಗಾ ಕ್ರಿಕೆಟ್ ಲೀಗ್ ಹೆಸರಾಗಿದ್ದೇ ಮಳೆಗಾಲದ ಆಟಕ್ಕೆ. ಮೋಡ ಕವಿದರೂ ಶಟರ್ 1/1000 ಸೆಕೆಂಡಿನಲ್ಲೇ ಇರಲಿ, ಐಎಸ್‌ಒ ಏರಿಸಿ. ಅಲುಗಿದ ಮುಖಕ್ಕಿಂತ ಕಾಳುಕಾಳಾದ ಚಿತ್ರ ವಾಸಿ ಅಂತ ನನ್ನ ಲೆಕ್ಕ. ಮೊನೊಪಾಡಿನ ಕಾಲು ಕೆಸರಲ್ಲಿ ಹೂತುಹೋಗುತ್ತದೆ, ತಳಕ್ಕೊಂದು ತೆಂಗಿನ ಕರಟ ಕೊಡಿ.