ದೊಡ್ಡಂಗಡಿ ಬರುತ್ತಿದೆ, ನಮ್ಮ ಲೆಕ್ಕ ನಾವೇ ಬರೆಯಬೇಕು



ನಮ್ಮ ಹಾಸ್ಟೆಲಿನ ಹಿಂದೆ, ಕೇರಿಗೆ ಅಂಟಿಕೊಂಡಿದ್ದ ಖಾಲಿ ಜಾಗಕ್ಕೆ ತಗಡಿನ ಬೇಲಿ ಬಿದ್ದಿದೆ. ಮೂರು ಅಂತಸ್ತಿನ ಅಂಗಡಿ ಬರುತ್ತದಂತೆ. ಅಕ್ಕಿ, ಬೇಳೆ, ಸೊಪ್ಪು, ಬಟ್ಟೆ, ಚಪ್ಪಲಿ ಎಲ್ಲ ಒಂದೇ ಸೂರಿನ ಕೆಳಗೆ. ಬೋರ್ಡು ಬೀಳೋಕೆ ಮೊದಲೇ ಊರಿನಲ್ಲಿ ಎರಡು ಪಕ್ಷ ಆಗಿವೆ. ಪೇಟೆ ಬೀದಿಯ ವರ್ತಕರು ‘ಬೇಡ’ ಅಂತ ಸಹಿ ಹಾಕಿಸುತ್ತಿದ್ದಾರೆ. ಕಂಪನಿಯ ಕಡೆಯವರು ‘ಊರು ಮುಂದುವರೀತದೆ, ಕೆಲಸ ಸಿಗ್ತದೆ’ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಇಬ್ಬರೂ ಹಾಸ್ಟೆಲಿಗೆ ಬಂದು ಹೋದರು. ವರ್ತಕರಿಗೆ ಮೆರವಣಿಗೆಗೆ ನಮ್ಮ ಹುಡುಗರು ಬೇಕು. ಕಂಪನಿಗೆ ಮೂಟೆ ಹೊರಲು, ಬಾಗಿಲು ಕಾಯಲು ನಮ್ಮ ಹುಡುಗರು ಬೇಕು. ‘ನಿಮಗೇನು ಬೇಕ್ರಪ್ಪಾ?’ ಅಂತ ಮಾತ್ರ ಯಾರೂ ಕೇಳಲಿಲ್ಲ.

ಸಹಿ ಹಾಕುವ ಮೊದಲು ಅಂಗಡಿಗೂ ನಮಗೂ ಇರುವ ಹಳೆಯ ಲೆಕ್ಕ ನೆನಪಿರಲಿ. ನಮ್ಮ ಅಜ್ಜಂದಿರು ಅಂಗಡಿಯ ಕಟ್ಟೆ ಹತ್ತಿದವರಲ್ಲ. ದೂರ ನಿಂತು ಕಾಸು ನೆಲದ ಮೇಲಿಟ್ಟರು, ಸಾಮಾನು ಮೇಲಿಂದ ಟವೆಲಿಗೆ ಬಿತ್ತು. ಸಂವಿಧಾನದ 15ನೇ ವಿಧಿಯ 2ನೇ ಖಂಡ ತೆಗೆದು ಓದಿ. ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳಲ್ಲಿ ಮೊದಲ ಹೆಸರೇ ಅಂಗಡಿ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಪದದ ಅರ್ಥ ಏನು ಅನ್ನುವ ಪ್ರಶ್ನೆ ಬಂದಾಗ, ಬರೀ ಒಳಗೆ ಬಿಟ್ಟರೆ ಸಾಲದು, ಅಲ್ಲಿ ಸಿಗುವ ಸೇವೆಯೂ ಸಿಗಬೇಕು ಅನ್ನುವ ವಿಶಾಲ ಅರ್ಥವನ್ನೇ ಬಾಬಾಸಾಹೇಬರು ಕೊಟ್ಟರು. ಜಾತಿ ನೋಡಿ ಸಾಮಾನು ಕೊಡದಿದ್ದರೆ 1955ರ ಕಾಯ್ದೆಯಲ್ಲಿ ಶಿಕ್ಷೆಯಿದೆ. ದಲಿತರಿಗೆ ಬಹಿಷ್ಕಾರ ಹಾಕುವುದು 2015ರ ತಿದ್ದುಪಡಿಯ ಪ್ರಕಾರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಒಂದು ಹಿಡಿ ಉಪ್ಪು ಕೊಳ್ಳೋಕೂ ನಮಗೆ ಸಂವಿಧಾನ ಬೇಕಾಯಿತು! ಹೀಗಿರುವಾಗ ‘ನಾವೂ ನೀವೂ ಬಡ ಅಂಗಡಿಯವರು’ ಅಂತ ಇವತ್ತು ಹೆಗಲ ಮೇಲೆ ಕೈ ಹಾಕುವವರನ್ನು, ಆ ಕೈ ನಿನ್ನೆ ಎಲ್ಲಿತ್ತು ಅಂತ ಕೇಳುವ ಹಕ್ಕು ನಮಗಿದೆ.

ಹಾಗಾದರೆ ಗಾಜಿನ ಬಾಗಿಲೇ ನಮ್ಮ ಬಿಡುಗಡೆಯೋ? ‘ಅಲ್ಲಿ ನಾವು ಮುಟ್ಟಿದ್ದನ್ನು ಯಾರೂ ತೊಳೆಯೋದಿಲ್ಲ, ನೀನು ಯಾವೂರು, ಯಾರ ಮಗ ಅಂತ ಕೇಳೋದಿಲ್ಲ’ ಅಂತ ಹಾಸ್ಟೆಲಿನ ಒಬ್ಬ ಹುಡುಗ ನಮ್ಮೊಡನೆ ವಾದಿಸಿದ. ಅವನ ಮಾತಿನಲ್ಲಿ ಸತ್ಯವಿದೆ. ಅವಮಾನ ಉಂಡವನಿಗೇ ಆ ಸುಖ ಗೊತ್ತು. ಆದರೆ ಆ ಬಾಗಿಲು ಜಾತಿ ಕೇಳದಿದ್ದರೂ ಜೇಬು ಕೇಳುತ್ತದೆ. ವಾರದ ಕೂಲಿ ಕೈಗೆ ಬರುವ ತನಕ ಅರ್ಧ ಸೇರು ಅಕ್ಕಿ ಅಲ್ಲಿ ಕಡ ಹುಟ್ಟೋದಿಲ್ಲ. ಪೇಟೆ ಅಂಗಡಿಯಲ್ಲಿ ಕಡವೂ ಇದೆ, ಕಡದ ಜೊತೆ ಬೈಗುಳವೂ ಇದೆ. ಒಂದು ಕಡೆ ಮಾನ ಹೋಗುತ್ತದೆ, ಇನ್ನೊಂದು ಕಡೆ ಹೊಟ್ಟೆ ಖಾಲಿ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅನ್ನುವುದೇ ಮೋಸ.

ನಮ್ಮ ನಿಜವಾದ ನಷ್ಟ ಬೇರೆ ಕಡೆ ಇದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಂಡಿಯಿಂದ ಸೊಪ್ಪು ತಂದು ರಸ್ತೆ ಪಕ್ಕ ಗೋಣಿತಾಟು ಹಾಸಿ ಕೂರುವವರು ನಮ್ಮ ಅವ್ವಂದಿರು. ಚಪ್ಪಲಿ ಹೊಲಿಯುವ ಪೆಟ್ಟಿಗೆ ಇಟ್ಟವರು ನಮ್ಮ ದೊಡ್ಡಪ್ಪಂದಿರು. ವರ್ತಕರ ಮನವಿಪತ್ರದಲ್ಲೂ ಇವರಿಲ್ಲ, ಕಂಪನಿಯ ನಕ್ಷೆಯಲ್ಲೂ ಇಲ್ಲ. ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ಬೇಕಾದಾಗ ಪೊಲೀಸಿನವನ ಲಾಠಿ ಮೊದಲು ತಾಗುವುದು ಇವರ ಬುಟ್ಟಿಗೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು. ಆಮೇಲೂ 30 ದಿನದ ನೋಟೀಸಿಲ್ಲದೆ ಜಾಗ ಬದಲಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಸ್ಥಾನ ಇರಬೇಕು. ನಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ? ಕೇರಿಯ ಅವ್ವಂದಿರಿಗೆ ಅಂಥದ್ದೊಂದು ಇದೆ ಅನ್ನೋದೇ ಗೊತ್ತಿಲ್ಲ.

ಕೇರಿಯವರ ಇನ್ನೊಂದಷ್ಟು ಆತಂಕಗಳಿವೆ. ರಾತ್ರಿಯೆಲ್ಲ ಲಾರಿ ಬಂದರೆ ಮಕ್ಕಳು ಆಡುವ, ಮಲಗುವ ಬೀದಿಯ ಗತಿ ಏನು? ಅವರು ಬೋರ್ ಕೊರೆದರೆ ನಮ್ಮ ಕೈಪಂಪಿನ ನೀರು ಉಳೀತದಾ? ಬಾಡಿಗೆ ಏರಿದರೆ ಸಣ್ಣ ಕೋಣೆಗಳಲ್ಲಿರುವ ಕೂಲಿಯವರು ಎಲ್ಲಿಗೆ ಹೋಗಬೇಕು? ಇವೆಲ್ಲಕ್ಕಿಂತ ದೊಡ್ಡದಾಗಿ ನಾವು ಕೇಳುವ ಪ್ರಶ್ನೆ ಒಂದಿದೆ. ಆ ಮೂರಂತಸ್ತಿನ ಹೊಲಸು ನೀರು ಎಲ್ಲಿಗೆ ಹೋಗುತ್ತದೆ? ಗುಂಡಿ ತುಂಬಿದಾಗ ಇಳಿಯುವವರು ಯಾರು? ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾಯುವವರು ನಮ್ಮವರೇ. ಒಳಚರಂಡಿ ವ್ಯವಸ್ಥೆ ತೋರಿಸದೆ ಒಂದು ಇಟ್ಟಿಗೆಯೂ ಏಳಕೂಡದು.

ಇನ್ನು ಕೆಲಸದ ಮಾತು. ಸರ್ಕಾರಿ ನೌಕರಿಯಲ್ಲಿ 16(4)ನೇ ವಿಧಿ ನಮ್ಮ ಬೆನ್ನಿಗಿದೆ. ಖಾಸಗಿ ಅಂಗಡಿಯ ಬಾಗಿಲಲ್ಲಿ ಅದು ನಿಂತುಹೋಗುತ್ತದೆ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಯಾರು, ಕಕ್ಕಸು ತೊಳೆಯುವವರು ಯಾರು ಅನ್ನುವುದು ಲಿಖಿತವಲ್ಲದ ಮೀಸಲಾತಿಯಲ್ಲಿ ತೀರ್ಮಾನವಾಗುತ್ತದೆ. ಕೂತು ದಣಿವಾರಿಸಿಕೊಳ್ಳಲೂ ಹೋರಾಡಬೇಕಾದ ಜಾಗ ಅದು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಬೀದಿಗಿಳಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಕೂರುವ ಹಕ್ಕನ್ನು ಕಾನೂನು ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಪದವಿ ಮುಗಿಸಿ ಇಂಥ ಅಂಗಡಿಗೆ ಸೇರುವುದು ಅವಮಾನವಲ್ಲ. ನೇಮಕದ ಪತ್ರವಿಲ್ಲದೆ, ಭವಿಷ್ಯನಿಧಿಯಿಲ್ಲದೆ, ಗುತ್ತಿಗೆದಾರನ ಕೈಕೆಳಗೆ ಬಾಯಿ ಮುಚ್ಚಿಕೊಂಡು ದುಡಿಯುವುದು ಅವಮಾನ.

ಕಲ್ಲು ಎತ್ತಿದರೆ ಸಾಕು ಅನ್ನುವ ಗೆಳೆಯರೂ ಇದ್ದಾರೆ. ಅವರಿಗೆ 2007ರ ಎರಡು ಸಂಗತಿ ಹೇಳಬೇಕು. ಆ ವರ್ಷದ ಮೇ ತಿಂಗಳಲ್ಲಿ ರಾಂಚಿಯ ತರಕಾರಿ ವ್ಯಾಪಾರಿಗಳು ರಿಲಯನ್ಸ್ ಫ್ರೆಶ್ ಅಂಗಡಿಗಳ ಗಾಜು ಒಡೆದರು. ಆಗಸ್ಟಿನಲ್ಲಿ ಉತ್ತರ ಪ್ರದೇಶದ ಮಾಯಾವತಿ ಸರ್ಕಾರ ಅದೇ ಅಂಗಡಿಗಳನ್ನು ಮುಚ್ಚಿಸಿತು. ಬಡವರ ಸಿಟ್ಟಿಗೆ ನ್ಯಾಯವಿತ್ತು. ಆದರೆ ದೊಡ್ಡ ಬಂಡವಾಳ ಅಲ್ಲಿಗೆ ನಿಲ್ಲಲಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಇಂಥ ಚಿಲ್ಲರೆ ಅಂಗಡಿಗಳಿಗೆ ಶೇಕಡ 51ರ ತನಕ ವಿದೇಶಿ ಬಂಡವಾಳ ಬರಲು ಬಾಗಿಲು ತೆರೆಯಿತು. ಈಗ ಅಂಗಡಿ ಮೊಬೈಲಿನೊಳಕ್ಕೇ ಬಂದು ಕೂತಿದೆ. ಒಡೆದ ಗಾಜನ್ನು ಮರುದಿನ ಹಾಕಿಕೊಂಡರು. ಬೀದಿ ವ್ಯಾಪಾರಿಗಳು ವರ್ಷಗಟ್ಟಲೆ ಸಂಘಟಿತರಾಗಿ ಪಡೆದ 2014ರ ಕಾಯ್ದೆ ಮಾತ್ರ ಇನ್ನೂ ನಿಂತಿದೆ. ಅದನ್ನು ಬಳಸದೆ ಧೂಳು ಹಿಡಿಸಿರುವವರು ನಾವು.

ಆದ್ದರಿಂದ ನಮ್ಮ ಕೆಲಸ ಇಲ್ಲಿದೆ. ಮೊದಲು, ಜಾಗದ ಮೂಲ ಹುಡುಕಿ. ಕೇರಿ ಪಕ್ಕದ ಜಮೀನು ಎಂದೋ ನಮ್ಮವರಿಗೆ ಮಂಜೂರಾಗಿ, ಸಾಲಕ್ಕೋ ಹೆಂಡಕ್ಕೋ ಕೈಬಿಟ್ಟದ್ದಿರಬಹುದು. ಅಂಥ ಅಕ್ರಮ ಪರಭಾರೆಯನ್ನು ರದ್ದು ಮಾಡಿ ಜಮೀನು ಹಿಂತಿರುಗಿಸಲು 1978ರ ಪಿಟಿಸಿಎಲ್ ಕಾಯ್ದೆಯಿದೆ. ‘ತಡವಾಯಿತು’ ಅಂತ ಅರ್ಜಿ ತಳ್ಳಿಹಾಕಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ಎರಡನೆಯದು, ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಭೂಬಳಕೆ ಯಾವುದು, ಲೈಸೆನ್ಸ್ ಯಾರು ಕೊಟ್ಟರು, ಒಳಚರಂಡಿಯ ನಕ್ಷೆ ಏನು ಎಂದು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಮೂರನೆಯದು, ರಸ್ತೆ ಬದಿಯ ಪ್ರತಿ ಬುಟ್ಟಿ, ಗಾಡಿ, ಪೆಟ್ಟಿಗೆಯ ಪಟ್ಟಿ ನಾವೇ ಮಾಡಬೇಕು. ಕಾನೂನು ವಿದ್ಯಾರ್ಥಿಗಳು ಅರ್ಜಿ ಬರೆಯಲಿ, ಬಿ.ಎ. ಹುಡುಗರು ಕೇರಿಯಲ್ಲಿ ಓದಿ ಹೇಳಲಿ, ಹೆಣ್ಣುಮಕ್ಕಳ ಹಾಸ್ಟೆಲಿನವರು ಅವ್ವಂದಿರನ್ನು ಸಭೆಗೆ ಕರೆತರಲಿ.

ವರ್ತಕರು ನಮ್ಮ ಜೊತೆ ಬರುವುದಾದರೆ ಬರಲಿ. ಬುಟ್ಟಿಯವರ ಹೆಸರು ಮನವಿಯ ಮೊದಲ ಸಾಲಿನಲ್ಲಿರಲಿ, ಸಭೆ ಕೇರಿಯೊಳಗೇ ನಡೆಯಲಿ, ಅಲ್ಲಿ ನಮ್ಮ ಲೋಟದಲ್ಲೇ ಟೀ ಕುಡಿಯಲಿ. ಆಮೇಲೆ ಒಟ್ಟಿಗೆ ನಡೆಯೋಣ. ಕಂಪನಿಯವರು ಮಾತಾಡುವುದಾದರೆ ಅವರೂ ಅಲ್ಲಿಗೇ ಬರಲಿ. ಅಲ್ಲಿಯ ತನಕ ನಮ್ಮ ಹೆಗಲು ಯಾರ ಬಾವುಟಕ್ಕೂ ಕೋಲಲ್ಲ, ಯಾರ ಮೂಟೆಗೂ ಕತ್ತೆಯಲ್ಲ.

ಜೈ ಭೀಮ್.