ಕರಿಮೆಣಸಿನ ರಾಣಿ ಪ್ರೇಮಿಸಬಹುದೆ?

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕುರಿತು ಈಚಿನ ವರ್ಷಗಳಲ್ಲಿ ಬಂದ ಕಾದಂಬರಿಗಳಿಗೆ ಅವಳದೇ ನಾಡಿನ ವಾಚಕರು ನೀಡಿದ ಸ್ವಾಗತ ವಿಚಾರಾರ್ಹವಾದುದು. ಗಜಾನನ ಶರ್ಮರ ‘ಚೆನ್ನಭೈರಾದೇವಿ’, ಕೆ. ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’ ಇವುಗಳನ್ನು ಎಂದೂ ಕಾದಂಬರಿ ಕೊಳ್ಳದ ಮನೆಗಳ ಕಪಾಟಿನಲ್ಲಿಯೂ ನಾನು ಕಂಡಿದ್ದೇನೆ. ಕಾರಣವನ್ನು ದೂರ ಅರಸಬೇಕಾಗಿಲ್ಲ. ಅವಳ ಆಳ್ವಿಕೆಗೆ ಸೇರಿದ್ದ ಹಾಡುವಳ್ಳಿ ಭಟ್ಕಳ ತಾಲೂಕಿನಲ್ಲಿದೆ. ಚತುರ್ಮುಖ ಬಸದಿಯ ಗೇರುಸೊಪ್ಪೆ ಹೊನ್ನಾವರದ್ದು. ಅಘನಾಶಿನಿಯ ಬದಿಯ ಮಿರ್ಜಾನ ಕೋಟೆ ಕುಮಟೆಯದು. ಮೂರು ತಾಲೂಕುಗಳೂ ಅವಳಲ್ಲಿ ತಮ್ಮ ತಮ್ಮ ಪಾಲನ್ನು ಕೇಳುತ್ತಿವೆ.

ಈ ವಾಚಕರೊಡನೆ ಮಾತಿಗೆ ತೊಡಗಿದಾಗ ಮೊದಲು ಬರುವ ಪ್ರಶಂಸೆ ಒಂದೇ: ‘ಹಿಡಿದ ಪುಸ್ತಕ ಕೆಳಗಿಡಲಾಗಲಿಲ್ಲ.’ ಇದು ನನಗೆ ಸೋಜಿಗವೆನಿಸಿತು. 1552ರಿಂದ 1606ರವರೆಗೆ ಆಳಿದ ಈ ರಾಣಿ ಕಡೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತು ಸೆರೆಯಲ್ಲಿ ಮಡಿದಳೆಂಬುದು ಇಲ್ಲಿನ ಶಾಲಾ ಬಾಲಕರಿಗೂ ಗೊತ್ತು. ಕೊನೆ ಗೊತ್ತಿರುವ ಕತೆಯಲ್ಲಿ ಕುತೂಹಲವೆಂತು? ಉತ್ತರ ನಮ್ಮ ತಾಳಮದ್ದಳೆಯಲ್ಲಿದೆಯೆಂದು ನನ್ನ ತರ್ಕ. ವಾಲಿ ಸಾಯುವನೆಂದು ಅರಿಯದೆ ಯಾರೂ ರಾತ್ರಿಯೆಲ್ಲ ಕುಳಿತು ಕೇಳುವುದಿಲ್ಲ. ಬಾಣ ನಾಟಿದ ವಾಲಿ ಏನು ಕೇಳುವನು, ರಾಮನ ಪಾತ್ರಧಾರಿ ಇಂದು ಏನು ಉತ್ತರ ಕೊಡುವನು ಎಂಬುದಕ್ಕೆ ಕಾದಿರುತ್ತಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ಸೀಮೆಯ ಕಿವಿ ಇದು. ಪತ್ತೇದಾರಿ ಕತೆಯ ಕುತೂಹಲ ಒಮ್ಮೆ ಓದಿದರೆ ಮುಗಿಯಿತು, ಇದು ಹಾಗಲ್ಲ.

ಎರಡನೆಯ ಮಾತು ಪ್ರಶ್ನೆಯ ರೂಪದಲ್ಲಿ ಬರುತ್ತದೆ: ‘ಇದೆಲ್ಲ ನಿಜವೆ?’ ರೋಚಕ ಕಥನದ ನಡುವೆ ಆಕರಗಳನ್ನೂ ಚಿತ್ರಗಳನ್ನೂ ಕೊಡುವ ಗಣೇಶಯ್ಯನವರ ರೀತಿಯೇ ಈ ಪ್ರಶ್ನೆಯನ್ನು ಆಹ್ವಾನಿಸುವಂತಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪ್ರಶ್ನೆಯ ಒಡಲಲ್ಲಿ ಇನ್ನೊಂದು ಅಡಗಿರುತ್ತದೆ. ರಾಣಿಯ ಬಾಳಿನಲ್ಲಿ ಪ್ರಣಯಕ್ಕೆ ಎಡೆಯಿತ್ತೆ? ಇದ್ದಿತೆಂದು ಬರೆದರೆ ಅವಮಾನವಲ್ಲವೆ? ಹಿರಿಯ ಉಪಾಧ್ಯಾಯರೊಬ್ಬರು ನನ್ನೊಡನೆ ಈ ಬಗ್ಗೆ ಖಡಾಖಂಡಿತವಾಗಿ ನುಡಿದರು: ಐವತ್ತನಾಲ್ಕು ವರ್ಷ ಆಳಿದ, ಪೋರ್ಚುಗೀಜರನ್ನು ಎದುರಿಸಿ ನಿಂತ ಹೆಣ್ಣಿಗೆ ಇಂತಹ ಚಾಪಲ್ಯವನ್ನು ಹೊರಿಸುವುದು ಪಾಪ. ಶರ್ಮರ ಕಾದಂಬರಿಯ ಉಪಶೀರ್ಷಿಕೆ ‘ಕರಿಮೆಣಸಿನ ರಾಣಿಯ ಅಕಳಂಕ ಚರಿತೆ’ ಎಂದಿರುವುದು ಅವರಿಗೆ ತುಂಬ ಮೆಚ್ಚಿಗೆಯಾಗಿತ್ತು. ‘ಅಕಳಂಕ’ ಎಂಬ ಮಾತು ಎಲ್ಲಿಯೋ ಒಂದು ಕಳಂಕದ ಸುದ್ದಿಯಿದ್ದರಲ್ಲವೆ ಬೇಕಾಗುವುದು?

ಆ ಸುದ್ದಿ ಇದ್ದೇ ಇದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ, ರಾಣಿಯ ಪತನದ ಹದಿನೇಳು ವರ್ಷಗಳ ತರುವಾಯ, ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದನು. ಅವನು ಬರೆದಿಟ್ಟ ವೃತ್ತಾಂತ ಹೀಗಿದೆ: ಇಲ್ಲಿನ ರಾಣಿ ಕೀಳುಕುಲದ ಹೊರನಾಡಿಗನೊಬ್ಬನಲ್ಲಿ ಅನುರಕ್ತಳಾಗಿ ತನ್ನೊಡನೆ ರಾಜ್ಯವನ್ನೂ ಅವನ ಕೈಗಿತ್ತಳು, ಅವನು ಅವಳಿಗೇ ತಿರುಗಿಬಿದ್ದನು. ಅವಳು ಪೋರ್ಚುಗೀಜರ ನೆರವು ಬೇಡಿದಳು. ಅವರು ಬಂದದ್ದು ತಡವಾಗಿ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ದ್ರೋಹಿ ವೆಂಕಟಪ್ಪ ನಾಯಕನನ್ನು ಕರೆದನು. ನಾಯಕನು ಬಂದವನೇ ರಾಜ್ಯವನ್ನು ತಾನೇ ಕಟ್ಟಿಕೊಂಡು, ದ್ರೋಹಿಯನ್ನು ಕೊಲ್ಲಿಸಿ, ರಾಣಿಯನ್ನು ಗೌರವದ ಸೆರೆಯಲ್ಲಿಟ್ಟನು. ಊರು ಹಾಳಾಗಿ ಮನೆಗಳ ಮೇಲೆ ಮರ ಬೆಳೆದಿದ್ದುವು. ಉಳಿದದ್ದು ನಾಲ್ಕಾರು ಗುಡಿಸಲು.

ಪ್ರಣಯ, ವಂಚನೆ, ತಡವಾಗಿ ಬಂದ ನೆರವು, ಕರೆಯದೆ ಬಂದಂತೆ ಬಂದ ಕೇಡು! ಇದಕ್ಕಿಂತ ಬಿಗಿಯಾದ ಕಥಾವಸ್ತುವನ್ನು ಯಾವ ಕಾದಂಬರಿಕಾರನು ಹೆಣೆದಾನು? ಬಿಗಿಯಾಗಿರುವುದರಿಂದಲೇ ನನಗೆ ಸಂಶಯ. ದೆಲ್ಲಾ ವಾಲ್ಲೆ ಪಯಣಿಸುತ್ತಿದ್ದುದು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಜ ರಾಯಭಾರಿಯ ಸಂಗಡ. ನಾಯಕನ ಕಡೆಯ ರಾಯಭಾರಿಯೂ ಅದೇ ದಾರಿಯ ಜೊತೆಗಾರ. ಈ ಕತೆಯಿಂದ ಯಾರಿಗೆ ಲಾಭ? ರಾಣಿಯ ರಾಜ್ಯವನ್ನು ನುಂಗಿದವನು ಇಲ್ಲಿ ದ್ರೋಹಿಯನ್ನು ದಂಡಿಸಿದ ಧರ್ಮಿಷ್ಠನಾಗುತ್ತಾನೆ. ಆದುದರಿಂದ ಉಪಾಧ್ಯಾಯರ ಸಂಶಯ ನನ್ನದೂ ಹೌದು. ಕಾರಣ ಮಾತ್ರ ಬೇರೆ. ಗೆದ್ದವರ ಬಾಯಿಂದ ಬಂದ ಕತೆಯೆಂದು ನಾನು ಸಂಶಯಿಸುತ್ತೇನೆ. ರಾಣಿ ಪ್ರೇಮಿಸಲಾರಳೆಂದು ಅವರು ನಿರಾಕರಿಸುತ್ತಾರೆ.

ಈ ಅಂತರ ಸಣ್ಣದಲ್ಲ. ಅದೇ ಬರೆಹದಲ್ಲಿ ಇನ್ನೊಂದು ಮಾತಿದೆ, ನಮ್ಮವರು ಅದನ್ನು ಗಮನಿಸಿದಂತಿಲ್ಲ. ಕುಲಹೀನನನ್ನು ವರಿಸಿದಳೆಂದು ಈ ನಾಡಿನ ಜನ ಅವಳನ್ನು ನಿಂದಿಸಿದರಂತೆ. ಪ್ರವಾಸಿಗಾದರೋ ಕುಲದ ವಿಚಾರವನ್ನು ಬದಿಗಿಟ್ಟರೆ, ತನ್ನನ್ನು ಅವನಿಗೆ ಒಪ್ಪಿಸಿಕೊಂಡದ್ದರಲ್ಲಿ ಅವಳ ತಪ್ಪೇನೂ ಕಾಣಲಿಲ್ಲ. ನಾಲ್ಕು ಶತಮಾನಗಳ ಕೆಳಗೆ ಜನ ಅವಳನ್ನು ಯಾವ ಕಾರಣಕ್ಕೆ ದೂರಿದರೋ ಅದೇ ಕಾರಣಕ್ಕೆ ಇಂದು ಅವಳನ್ನು ‘ಶುದ್ಧ’ಗೊಳಿಸಲು ಹೊರಟಿದ್ದೇವೆಯೆ? ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಚರ್ಚೆಯ ನಡುವೆ ಮೆಲ್ಲನೆ ಕೇಳಿದಳು: ‘ಅವಳು ಮೋಸಹೋದಳೆಂದೇ ಇಟ್ಟುಕೊಳ್ಳೋಣ ಸರ್, ನಾಚಿಕೆ ಅವಳದು ಹೇಗಾಗುತ್ತದೆ?’ ಕಾದಂಬರಿಗಳ ಮೇಲೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ತೂಕವುಳ್ಳದ್ದು ಇದೇ.

2025ರ ಜುಲೈ ತಿಂಗಳಲ್ಲಿ ಭಾರತ ಸರಕಾರ ರಾಣಿಯ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ತಕ್ಕ ಗೌರವ, ತಡವಾಗಿ ಬಂದಿತು. ಆದರೆ ಅಂಚೆಚೀಟಿಗೆ ಏರಿದವರ ಮೇಲೆ ಕಾದಂಬರಿ ಬರೆಯುವುದು ಇನ್ನು ಕಷ್ಟ. ಮುಂದೆ ಬರೆಯುವ ತರುಣನೊಬ್ಬ ದೆಲ್ಲಾ ವಾಲ್ಲೆಯ ಕತೆಯನ್ನು ಎತ್ತಿಕೊಂಡು, ಪ್ರೇಮಿಸಿ ಕೆಟ್ಟ ಮುದಿರಾಣಿಯೊಬ್ಬಳನ್ನು ಚಿತ್ರಿಸಿದರೆ ನಮ್ಮ ವಾಚಕರು ಓದಿಯಾರೆ, ಓದುವ ಮೊದಲೇ ಕ್ಷಮೆಯಾಚನೆಗೆ ಒತ್ತಾಯಿಸಿಯಾರೆ? ಅಭಿಪ್ರಾಯಕ್ಕೂ ಆಜ್ಞೆಗೂ ನಡುವಿನ ಗೆರೆ ಈಚೆಗೆ ತೆಳುವಾಗಿದೆ.

ಭಟ್ಕಳದ ವಾಚಕರ ತಕರಾರು ಬೇರೆಯದು. ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಅವರಿಗೆ ಪ್ರಣಯದ ಗೊಡವೆ ಬೇಡ. 1542ರಲ್ಲಿ ಪೋರ್ಚುಗೀಜರು ಸುಟ್ಟ ಪೇಟೆ ತಮ್ಮದು. ಆ ಪೇಟೆಯ ನವಾಯತ ವರ್ತಕನಿಗೂ ಬಂದರಿನ ಹಮಾಲನಿಗೂ ಕತೆಯಲ್ಲಿ ಎಷ್ಟು ಪುಟ ಸಂದಿವೆ ಎಂದು ಅವರು ಎಣಿಸುತ್ತಾರೆ. ಘಟ್ಟದ ಮೇಲಿನ ಬಳ್ಳಿಯಿಂದ ಮೆಣಸು ಕೊಯ್ದು, ಒಣಗಿಸಿ, ತಲೆಹೊರೆಯಲ್ಲಿ ಇಳಿಸಿದವರ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ. ಹಾಡುವಳ್ಳಿಯ ಕಡೆಯವರೊಬ್ಬರು ಇನ್ನೊಂದನ್ನು ನೆನಪಿಸಿದರು: ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನು ತಮ್ಮೂರಿನ ಮಠದವನು, ‘ಶಬ್ದಾನುಶಾಸನ’ ಮುಗಿದದ್ದು 1604ರಲ್ಲಿ, ರಾಣಿಯ ಪತನಕ್ಕೆ ಎರಡೇ ವರ್ಷ ಮುಂಚೆ. ರಾಜ್ಯ ಕುಸಿಯುತ್ತಿದ್ದಾಗ ಸೂತ್ರ ಹೊಸೆಯುತ್ತ ಕುಳಿತ ಆ ಪಂಡಿತನ ಮೇಲೆ ಯಾರಾದರೂ ಕಾದಂಬರಿ ಬರೆದರೆ ಹತ್ತು ಪ್ರತಿ ತಾವೇ ಕೊಳ್ಳುವುದಾಗಿ ಹೇಳಿದರು.