ರಾತ್ರಿ ಕೀ ಕಳೆದರೆ ಯಾರನ್ನು ಕೂಗೋದು ಸ್ವಾಮಿ?

ಪುನರ್ವಸು ಮಳೆಯ ಒಂದು ರಾತ್ರಿ. ಕೊನೆ ಬಸ್ಸಿಗೆ ಬಂದಿಳಿದು ಮನೆ ಬಾಗಿಲಲ್ಲಿ ನಿಂತು ಜೇಬಿಗೆ ಕೈ ಹಾಕಿದರೆ ಬೀಗದ ಕೈ ಇಲ್ಲ. ಕೊಡೆ ಮಡಚುವಾಗ ಬಿತ್ತೋ, ಟಿಕೆಟ್ಟಿಗೆ ಚಿಲ್ಲರೆ ತೆಗೆಯುವಾಗ ಬಿತ್ತೋ ದೇವರಿಗೇ ಗೊತ್ತು. ಮನೆಯವರೆಲ್ಲ ಊರಿಗೆ ಹೋಗಿದ್ದರು. ಕೀ ಮಾಡುವ ಅಜ್ಜ ಎಲ್ಲಿ ಸಿಗ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿದೆ. "ಅವರ ಪೆಟ್ಟಿಗೆ ಎತ್ತಿಸಿ ಆರು ತಿಂಗಳಾಯ್ತಲ್ಲ ಮಾರಾಯ್ರೆ, ಈಗ ಎಲ್ಲಿದ್ದಾರೋ" ಅಂದವರು ಒಂದು ಕಲ್ಲು ತಂದುಕೊಟ್ಟರು. ಬೀಗ ಒಡೆದೆ. ಜೊತೆಗೆ ಬಾಗಿಲ ಕೊಂಡಿಯೂ ಕಿತ್ತು ಬಂತು. ಮರುದಿನ ಬಡಗಿಗೆ ತೆತ್ತದ್ದು ಬೀಗದ ಬೆಲೆಯ ಮೂರರಷ್ಟು.

ಇದು ನನ್ನೊಬ್ಬನ ಪಾಡಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಬೀಗಕ್ಕೆ ಮಳೆಯೇ ಮೊದಲ ಶತ್ರು. ಮೂರು ನಾಲ್ಕು ತಿಂಗಳು ಬಿಸಿಲು ಕಾಣದೆ ಒಳಗಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಮರದ ಬಾಗಿಲು ಉಬ್ಬಿ ಅಗುಳಿ ಕೂರುವುದಿಲ್ಲ. ಬೆಳಿಗ್ಗೆ ಅಂಗಡಿ ಶಟರ್ ಎತ್ತಲು ಹೋದವನ ಕೈಯಲ್ಲಿ ಅರ್ಧ ಕೀ, ಇನ್ನರ್ಧ ಬೀಗದ ಹೊಟ್ಟೆಯೊಳಗೆ. ಹಾಲು, ಪೇಪರು, ಬ್ರೆಡ್ಡು ಎಲ್ಲ ಹೊರಗೆ, ಗಿರಾಕಿ ಪಕ್ಕದ ಅಂಗಡಿಗೆ. ಇನ್ನು ಹೊಸ ಮನೆಗಳ ಲ್ಯಾಚಿನ ಬಾಗಿಲು ಬೇರೆ. ಗಾಳಿಗೆ ಧಡ್ ಅಂತ ಮುಚ್ಚಿಕೊಂಡರೆ ಮುಗಿಯಿತು. ತಾಯಿ ಹೊರಗೆ, ಮಗು ಒಳಗೆ, ಒಲೆ ಮೇಲೆ ಹಾಲು.

2024-25ರಲ್ಲಿ ಕಾಫಿ ಬೆಲೆ ದಾಖಲೆ ಮುಟ್ಟಿದ ಮೇಲೆ ಕಣಕ್ಕೆ, ಗೋಡೌನಿಗೆ ಒಂದಿದ್ದ ಬೀಗ ಎರಡಾಯಿತು. ಅಲಿಘರ್‌ದೋ, ದಿಂಡಿಗಲ್‌ದೋ, 1897ರಿಂದ ಬೀಗ ಮಾಡಿಕೊಂಡು ಬಂದ ಗೋದ್ರೇಜ್‌ದೋ, ಎಲ್ಲ ಬೀಗವೂ ನಮ್ಮ ಪೇಟೆಯಲ್ಲಿ ಸಿಗುತ್ತದೆ. ಅದನ್ನು ಒಡೆಯದೆ ತೆಗೆಯಬಲ್ಲ ಮನುಷ್ಯ ಮಾತ್ರ ಸಿಗುವುದಿಲ್ಲ. ಕಳಸದವರ ಕಷ್ಟ ಇನ್ನೂ ಒಂದು ಕೈ ಮೇಲೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹೊರನಾಡಿನ ಕಡೆಯವನ ಬೀಗ ಕೆಟ್ಟರೆ ಕಲ್ಲೇ ಗತಿ.

ಈ ಕೀ ಕೆಲಸ ಅಂದರೆ ಹುಡುಗಾಟ ಅಲ್ಲ. ಆ ಅಜ್ಜ ಮಾಡುವುದನ್ನು ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಹಲ್ಲಿಲ್ಲದ ಖಾಲಿ ಕೀಯನ್ನು ಬೀಗಕ್ಕೆ ತೂರಿಸಿ ಮೆಲ್ಲಗೆ ತಿರುಚುತ್ತಾರೆ. ಒಳಗಿನ ಲಿವರು ತಾಗಿದ ಕಡೆ ಕೂದಲೆಳೆಯಷ್ಟು ಗುರುತು ಬೀಳುತ್ತದೆ. ಅಲ್ಲಿಗೆ ಅರ ಹಾಕಿ ಉಜ್ಜುತ್ತಾರೆ, ಮತ್ತೆ ತೂರಿಸುತ್ತಾರೆ. ಹೀಗೆ ಹತ್ತು ಸಲ. ಆಮೇಲೆ ಟಕ್! ಹಳೆ ಕೀಯೂ ಬೇಡ, ಕಲ್ಲೂ ಬೇಡ.

ಇಂಥವರ ಪೆಟ್ಟಿಗೆಯನ್ನು ಫುಟ್‌ಪಾತಿಗೆ ಅಡ್ಡ ಅಂತ ಎತ್ತಿಸಿದರು. ಅದರ ಮುಚ್ಚಳದ ಮೇಲೇ ಅವರ ಮೊಬೈಲ್ ನಂಬರ್ ಬರೆದಿತ್ತು. ಪೆಟ್ಟಿಗೆ ಹೋಯಿತು, ನಂಬರೂ ಹೋಯಿತು. ಅಲ್ಲ ಸ್ವಾಮಿ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹಣ್ಣು, ತರಕಾರಿ ಮಾರುವವರಿಗೆ ಮಾತ್ರವೇ? ಬೀದಿಯಲ್ಲಿ ಕೂತು ಜನರಿಗೆ ಸೇವೆ ಕೊಡುವವನೂ ಅದರಲ್ಲಿ ಸೇರುತ್ತಾನೆ. ಸರ್ವೆ ಮಾಡಬೇಕು, ಸರ್ಟಿಫಿಕೇಟು ಕೊಡಬೇಕು, ಎಬ್ಬಿಸುವ ಮೊದಲು ನೋಟಿಸು ಕೊಡಬೇಕು ಅಂತ ಕಾನೂನೇ ಹೇಳುತ್ತದೆ.

ಕೀ ಮಾಡುವವನಿಗೆ ಕಳ್ಳನ ಬೀಗ ತೆಗೆಯಲೂ ಬರುತ್ತದಲ್ಲ ಎಂದು ಕೆಲವರು ರಾಗ ಎಳೆಯುತ್ತಾರೆ. ಅದಕ್ಕೇ ಅವನು ಎಲ್ಲರ ಕಣ್ಣೆದುರು ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು ಅನ್ನುವುದು. ಹೆಸರು, ಫೋಟೋ, ನಂಬರ್ ಪೊಲೀಸ್ ಠಾಣೆಯಲ್ಲಿರಲಿ. ರಾತ್ರಿ ಕರೆ ಬಂದರೆ ಮನೆಯವರ ಗುರುತಿನ ಚೀಟಿ ನೋಡಿ, ಅಕ್ಕಪಕ್ಕದವರಿಬ್ಬರ ಎದುರಿಗೆ ಬೀಗ ತೆಗೆಯಲಿ, ಪುಸ್ತಕದಲ್ಲಿ ಬರೆದಿಡಲಿ. ರಾತ್ರಿ ರೇಟು ಇಷ್ಟು ಅಂತ ಬೋರ್ಡು ಹಾಕಲಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಮೂರು ಬಸ್ ಸ್ಟ್ಯಾಂಡಿನಲ್ಲಿ ಮೂರು ಪೆಟ್ಟಿಗೆಗೆ ಜಾಗ ಕೊಟ್ಟರೆ ಯಾವ ಖಜಾನೆಯೂ ಬರಿದಾಗುವುದಿಲ್ಲ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮದು. ಮಗುವೋ ಮುದುಕರೋ ಒಳಗೆ ಸಿಕ್ಕಿಕೊಂಡಿದ್ದರೆ ಬೀಗದ ಮುಖ ನೋಡಬೇಡಿ. 112ಕ್ಕೆ ಫೋನ್ ಮಾಡಿ, ಗಾಜು ಒಡೆದಾದರೂ ಒಳಗೆ ಹೋಗಿ. ಕೀ ಮುರಿದರೆ ಮುರಿದ ತುಂಡನ್ನು ಎಸೆಯಬೇಡಿ, ಅದನ್ನು ನೋಡಿಯೇ ಹೊಸದು ಮಾಡಬಹುದು. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಕೂತು ಗೋಂದಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು. ಇನ್ನೊಂದು ಕೀ ನಂಬಿಕೆಯ ನೆರೆಯವರ ಹತ್ತಿರ ಇರಲಿ, ಹೂಕುಂಡದ ಕೆಳಗೆ ಬೇಡ. ಆ ಜಾಗ ಕಳ್ಳರಿಗೆ ನಿಮಗಿಂತ ಮೊದಲೇ ಗೊತ್ತು.

ಕಡೆಗೆ ಅಜ್ಜನನ್ನು ಹುಡುಕಿಕೊಂಡು ಹೋದೆ. ಸಂಬಂಧಿಕರ ಜಗಲಿಯಲ್ಲಿ ಕೊಡೆ ರಿಪೇರಿ ಮಾಡುತ್ತಾ ಕೂತಿದ್ದರು. ಅರ ಎಲ್ಲಿ ಅಂತ ಕೇಳಿದೆ. "ತುಕ್ಕು ಹಿಡೀತು" ಅಂದರು. ತುಕ್ಕು ಹಿಡಿದದ್ದು ಅರಕ್ಕೊ, ನಮ್ಮ ಊರು ಆಳುವವರ ತಲೆಗೊ, ಓದುಗರೇ ಹೇಳಬೇಕು.